ಕರಿಮುಸುವದ ಲೇಹ್ಯ

"ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೂ ಮನುಷ್ಯ ಹೊಣೆಯೆ?" ಎಂದು ಶಿಷ್ಯನು ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಬುಡದ ಊರೊಂದರಲ್ಲಿ ಒಬ್ಬ ವೈದ್ಯನಿದ್ದನು. ಉಬ್ಬಸಕ್ಕೆ ಮದ್ದು ಕೊಡುವುದರಲ್ಲಿ ಅವನನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಬಡವರು ಬಂದರೆ ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವನ ಮದ್ದು ಕರಿಮುಸುವದ ಲೇಹ್ಯ.

ಕರಿಮುಸುವವೆಂದರೆ ಆ ಬೆಟ್ಟದ ಕಾಡಿನ ಒಂದು ಕೋತಿ. ಮೈಯೆಲ್ಲ ಕಪ್ಪು, ತಲೆ ಮಾತ್ರ ಕಂದು. ಅದು ಹೊಲಕ್ಕೆ ಇಳಿಯದು, ಮನೆಗೆ ನುಗ್ಗದು. ಮರದ ಮೇಲೆ ಎಲೆ ತಿಂದುಕೊಂಡು ತನ್ನ ಪಾಡಿಗೆ ತಾನಿರುವುದು. ನೂರು ಮರದ ಎಲೆ ತಿನ್ನುವ ಪ್ರಾಣಿಯ ಮಾಂಸದಲ್ಲಿ ನೂರು ಮರದ ಗುಣ ಇರುತ್ತದೆ ಎಂದು ವೈದ್ಯನ ತಂದೆ ಹೇಳಿದ್ದನು. ಮಗ ನಂಬಿದನು. ಆಡುಸೋಗೆ ಸೊಪ್ಪಿನ ರಸಕ್ಕೆ ಹಿಪ್ಪಲಿ, ಬೆಲ್ಲ ಹಾಕಿ ಕುದಿಸಿ, ಮುಸುವದ ಒಣಮಾಂಸದ ಪುಡಿ ಬೆರೆಸಿ ಲೇಹ್ಯ ಮಾಡುತ್ತಿದ್ದನು.

ಮಾಂಸ ತರುವವನು ಒಬ್ಬ ಬೇಟೆಗಾರ. ಹೊಗೆಯಲ್ಲಿ ಒಣಗಿಸಿದ ತುಂಡುಗಳನ್ನು ಎಲೆಯಲ್ಲಿ ಸುತ್ತಿ ತಿಂಗಳಿಗೊಮ್ಮೆ ತರುವನು. ತಡವಾದರೆ ವೈದ್ಯನು ಗದರುವನು.

ಒಮ್ಮೆ ಮಾಂಸ ಮುಟ್ಟದ ಮುದುಕಿಯೊಬ್ಬಳು ಬಂದಳು. "ಸತ್ತರೂ ಚಿಂತೆಯಿಲ್ಲ, ಬರೀ ಸೊಪ್ಪಿನದ್ದೇ ಕೊಡಪ್ಪ" ಎಂದಳು. ವೈದ್ಯನು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟನು. ನಲವತ್ತು ದಿನ ಕಳೆದ ಮೇಲೆ ಮುದುಕಿ ಒಬ್ಬಳೇ ನಡೆದು ಬಂದು, ಕೈಮುಗಿದು ಹೋದಳು. ಅಂದು ವೈದ್ಯನಿಗೆ ಊಟ ಸೇರಲಿಲ್ಲ. ಮರುದಿನ, ಅವಳ ರೋಗವೇ ಅಷ್ಟು ಬಲವಾಗಿರಲಿಲ್ಲ ಎಂದುಕೊಂಡನು. ಆ ವಾರ ಬೇಟೆಗಾರನು ಮಾಂಸದ ಕಟ್ಟು ತಂದನು. ವೈದ್ಯನು ಬಿಚ್ಚಿ ಪುಡಿ ಮಾಡಿದನು.

ಇಪ್ಪತ್ತು ವರ್ಷ ಕಳೆಯಿತು. ಬೇಟೆಗಾರನಿಗೇ ಉಬ್ಬಸ ಹಿಡಿಯಿತು. ಮಗಳ ಹೆಗಲು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕುಸಿದನು. ವೈದ್ಯನು ಭರಣಿಯ ಮುಚ್ಚಳ ತೆಗೆದು ಲೇಹ್ಯವನ್ನು ಅವನ ಬಾಯಿಯ ಬಳಿ ಹಿಡಿದನು. ಬೇಟೆಗಾರನು ಆ ಕೈಯನ್ನು ತಡೆದನು.

"ಅದು ಬೇಡ ಪಂಡಿತರೇ, ಸೊಪ್ಪಿನ ರಸ ಸಾಕು. ಅದರಲ್ಲಿರುವುದು ಮೇಕೆಯ ಮಾಂಸ. ಏಳು ವರ್ಷದಿಂದ ಅದನ್ನೇ ತಂದುಕೊಡುತ್ತಿದ್ದೇನೆ."

"ಮತ್ತೆ ಮುಸುವ?"

"ಎಲ್ಲಿದೆ ಈಗ? ಕೊನೆಗೆ ಹೊಡೆದದ್ದು ಒಂದು ತಾಯಿ. ಹತ್ತಿರ ಹೋಗಿ ನೋಡಿದರೆ ಎದೆಗೆ ಕೆಂಚು ಮರಿ ಕಚ್ಚಿಕೊಂಡಿತ್ತು. ಮನೆಗೆ ತಂದೆವು. ಇವಳು ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಂಡಿದಳು, ಕುಡಿಯಲಿಲ್ಲ. ಮೂರು ದಿನ ಇತ್ತು. ಆಮೇಲೆ ಬೆಟ್ಟದಲ್ಲಿ ಅವುಗಳ ಕೂಗೇ ಇಲ್ಲ. ನಿಮ್ಮ ರೋಗಿಗಳು ಗುಣವಾಗುತ್ತಲೇ ಇದ್ದರಲ್ಲ, ಸುಮ್ಮನಿದ್ದುಬಿಟ್ಟೆ."

ಮಗಳು ಮುಖ ಆಚೆಗೆ ತಿರುಗಿಸಿದಳು.

ವೈದ್ಯನು ಸೊಪ್ಪಿನ ರಸವನ್ನೇ ಕೊಟ್ಟನು. ಬೇಟೆಗಾರನ ಉಸಿರು ದಿನದಿಂದ ದಿನಕ್ಕೆ ಹದಕ್ಕೆ ಬಂತು. ಅವನು ಚೇತರಿಸಿಕೊಂಡಷ್ಟೂ ವೈದ್ಯನು ಕುಗ್ಗಿದನು. ಭರಣಿಗಳಲ್ಲಿದ್ದುದನ್ನೆಲ್ಲ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದನು. ಬಂದವರಿಗೆಲ್ಲ, ಗುಣ ಸೊಪ್ಪಿನಲ್ಲಿದೆ, ಮುಸುವದಲ್ಲಿ ಏನೂ ಇಲ್ಲ ಎಂದು ಹೇಳತೊಡಗಿದನು.

ಒಬ್ಬ ವ್ಯಾಪಾರಿ ಕೇಳಿದನು: "ಮೂವತ್ತು ವರ್ಷ ನೀವೇ ಇದೆ ಎಂದಿರಿ. ನಮ್ಮ ಅಪ್ಪ ಬದುಕಿದ್ದು ಅದರಿಂದಲೇ ಎಂದಿರಿ. ಈಗ ಇಲ್ಲವೆಂದರೆ ಯಾವುದನ್ನು ನಂಬುವುದು?"

ವ್ಯಾಪಾರಿ ಬೆಟ್ಟದಾಚೆಯ ಊರಿಗೆ ಹೋದನು. ಅಲ್ಲಿಯ ವೈದ್ಯನ ಬಳಿ ಇನ್ನೂ ಕರಿಮುಸುವದ ಲೇಹ್ಯ ಸಿಗುತ್ತಿತ್ತು. ಒಬ್ಬೊಬ್ಬರಾಗಿ ಉಳಿದವರೂ ಅತ್ತಲೇ ನಡೆದರು. ಆ ಲೇಹ್ಯಕ್ಕೆಂದು ಇನ್ನೂ ದೂರದ ಕಾಡುಗಳಿಗೆ ಬೇಟೆಗಾರರು ಹೋಗುತ್ತಿದ್ದಾರೆಂಬ ಸುದ್ದಿ ಈ ವೈದ್ಯನ ಕಿವಿಗೆ ಬಿತ್ತು. ಬೆಟ್ಟದಾಚೆಯ ಊರಿಗೂ ಹೋಗಿ, ಮುಸುವದಲ್ಲಿ ಗುಣವಿಲ್ಲವೆಂದು ಹೇಳಿದನು. ಅಲ್ಲಿಯ ಜನ ಅವನಿಗೆ ವಯಸ್ಸಾಯಿತೆಂದರು.

ಕೊನೆಗೆ ಅವನು ಬೆಟ್ಟ ಹತ್ತಿದನು. ಅಷ್ಟು ವರ್ಷದಲ್ಲಿ ಅವನು ಆ ಕಾಡಿಗೆ ಕಾಲಿಟ್ಟಿದ್ದು ಅದೇ ಮೊದಲು. ಬೆಳಗಿನಿಂದ ಸಂಜೆಯವರೆಗೆ ಮರಗಳ ಕೆಳಗೆ ಕುಳಿತನು. ಕೊಂಬೆಗಳಲ್ಲಿ ಚಿಗುರು ತುಂಬಿತ್ತು, ಕಿತ್ತು ತಿನ್ನುವವರಿರಲಿಲ್ಲ. ಮುಂದಿನ ವಾರ ಮತ್ತೆ ಹೋದನು. ಕಾಲಲ್ಲಿ ಶಕ್ತಿ ಇರುವವರೆಗೂ ಹೋಗುತ್ತಿದ್ದನು. ಒಂದು ಮುಸುವವನ್ನಾದರೂ ಜೀವಂತ ನೋಡಬೇಕೆಂಬುದು ಅವನ ಆಸೆಯಾಗಿತ್ತು. ನೋಡದೆಯೇ ತೀರಿಕೊಂಡನು.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಪಾಪ, ಅವನಿಗೆ ತಿಳಿದಿರಲಿಲ್ಲವಲ್ಲ" ಎಂದನು ಶಿಷ್ಯ.

"ತಿಳಿಯದವನು ಕೇಳುತ್ತಾನೆ, ಮಗು. ಮುದುಕಿ ಗುಣವಾದ ಮೇಲೂ ಅವನು ಇಪ್ಪತ್ತು ವರ್ಷ ಕೇಳಲಿಲ್ಲ."