ಬಾವಿ ನೀರಿನ ಲೇಖನಕ್ಕೆ ಮೊದಲ ಹೆಸರು

ಕೋರ್ಟಿನ ಗುಮಾಸ್ತೆ ನೀಲವ್ವ ಬಾವಿ ನೀರಿನ ಹಕ್ಕಿನ ಹಳೆಯ ತೀರ್ಪುಗಳ ಮೇಲೆ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಗೈಡ್ ದೇಶಮಾನೆ ಸರ್ ಅದರಲ್ಲಿ ಒಂದು ಪುಟವನ್ನೂ ಓದಿದವರಲ್ಲ. ಅಂಥವರು ಒಂದು ದಿನ ಕರೆದು ಕೂರಿಸಿ ಚಹಾ ತರಿಸಿದರು. ನೀಲವ್ವನಿಗೆ ಅಲ್ಲೇ ಅನುಮಾನ ಹುಟ್ಟಿತು.

"ನಿನ್ನ ಲೇಖನ ವಿಚಾರ ಸಂಕಿರಣಕ್ಕ ಕಳಸು ತಂಗಿ. ನನ್ನ ಹೆಸರು ಮೊದಲಿರಲಿ, ತೂಕ ಬರ್ತದ" ಅಂದರು.

ತಂಗಿ ಅಂದದ್ದು ಕೇಳಿ ಅನುಮಾನ ಗಟ್ಟಿಯಾಯಿತು. ಒಲ್ಲೆ ಅಂದರೆ ಪಿಎಚ್‌ಡಿ ಪ್ರಬಂಧಕ್ಕೆ ಸಹಿ ಬೀಳುವುದಿಲ್ಲ. "ಆಗಲಿ ಸರ್" ಅಂದಳು. ಸಂಕಿರಣದ ಅರ್ಜಿಯಲ್ಲಿ ಅವರ ಹೆಸರನ್ನೇ ಮೊದಲು ಬರೆದಳು. ಮಂಡಿಸುವವರು ಎಂಬಲ್ಲಿಯೂ ಅದನ್ನೇ ಬರೆದಳು.

ವಾರದ ನಂತರ ಆಮಂತ್ರಣ ಹಿಡಿದು ಸರ್ ಕರೆಸಿದರು. "ಇದೇನು, ನಾನು ಮಂಡಿಸಬೇಕಂತ?"

"ಮೊದಲ ಹೆಸರು ನಿಮ್ಮದೇ ಅದಲ್ರೀ ಸರ್. ನಿವೃತ್ತ ನ್ಯಾಯಾಧೀಶರು ಅರ್ಧ ತಾಸು ಪ್ರಶ್ನೆ ಕೇಳ್ತಾರಂತ. ತೀರ್ಪು ನಲವತ್ತೆರಡು ಅದಾವ, ಎಲ್ಲಾ ಹಳೇ ಮರಾಠಿ ಮೋಡಿ ಲಿಪಿಯಾಗ. ಓದ್ಲಿಕ್ಕೆ ಕಟ್ಟು ತಂದೀನ್ರಿ."

ಸರ್ ಕಟ್ಟು ನೋಡಿದರು. ಅವಳ ಮುಖ ನೋಡಿದರು. ಅಲ್ಲಿ ವಿನಯ ಬಿಟ್ಟು ಬೇರೇನೂ ಕಾಣಲಿಲ್ಲ.

"ಅವತ್ತು ಬೀಗರ ಮನ್ಯಾಗ ಲಗ್ನ ಅದ. ನೀನೇ ಮಂಡಿಸು" ಅಂದು ಆಮಂತ್ರಣದಲ್ಲಿ ತಮ್ಮ ಹೆಸರು ಹೊಡೆದುಹಾಕಿದರು.

"ಎರಡನೇದಾಗಿ ಇರಲೇನ್ರಿ?"

"ಎರಡನೇದವರಿಗೂ ಪ್ರಶ್ನೆ ಕೇಳ್ತಾರೇನು?"

"ಕೇಳಬಹುದ್ರಿ."

"ಬ್ಯಾಡ" ಅಂದ ಸರ್, ಅವಳು ಜೊತೆಗೆ ತಂದಿದ್ದ ಪಿಎಚ್‌ಡಿ ಪ್ರಬಂಧಕ್ಕೂ ಓದದೆಯೇ ಸಹಿ ಹಾಕಿ ಕಳಿಸಿದರು.