ಹತ್ತು ನಿಮಿಷದ ಆಜ್ಞೆ

ಇಂದ್ರಾಣಿಯ ಕೆಲಸ ಪೆಟ್ಟಿಗೆಗಳಿಗೆ ಆಜ್ಞೆ ಕೊಡುವುದು. ಪೆಟ್ಟಿಗೆ ಎಂದರೆ ರೂಟರ್. ನಮ್ಮ ಮನೆಗಳಲ್ಲಿ ಗೋಡೆಗೆ ಅಂಟಿಕೊಂಡು ಮಿಣಮಿಣ ಎನ್ನುತ್ತದಲ್ಲ, ಆ ವೈಫೈ ಡಬ್ಬಿಯ ದೊಡ್ಡಣ್ಣ ಅನ್ನಿ. ಅವಳು ಕೂರುವುದು ಜಿಲ್ಲಾ ಕೇಂದ್ರದ ಕಚೇರಿಯಲ್ಲಿ. ಪೆಟ್ಟಿಗೆಗಳಿರುವುದು ದೂರದೂರದ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ. ಹರಾಜಿನ ಮಾತೆಲ್ಲ ಆ ಪೆಟ್ಟಿಗೆಯ ಮೂಲಕವೇ ಹೋಗಬೇಕು, ಬರಬೇಕು. ಇಂದ್ರಾಣಿಯ ಆಜ್ಞೆಯೂ ಅದೇ ದಾರಿ ಹಿಡಿದು ಹೋಗಿ ಮುಟ್ಟಬೇಕು. ಬೇರೆ ದಾರಿ ಇಲ್ಲ.

ಹಳೆಯ ಪೆಟ್ಟಿಗೆಗಳು ತೀರಾ ವಿಧೇಯ. ಒಂದು ಸಾಲು ಹೇಳಿದರೆ ಹೇಳಿದ ಕ್ಷಣವೇ ಮಾಡಿಬಿಡುತ್ತಿದ್ದವು. ಬಾಗಿಲು ಮುಚ್ಚು ಎಂದರೆ ಮುಚ್ಚಿದವೇ. ಹೇಳಿದವಳು ಅದೇ ಬಾಗಿಲಲ್ಲಿ ನಿಂತಿದ್ದಾಳಲ್ಲ ಎಂದು ನೋಡುತ್ತಿರಲಿಲ್ಲ. ಹೊಸವಕ್ಕೆ ಸ್ವಲ್ಪ ತಲೆ ಇದೆ. ಹೇಳಿದ್ದನ್ನೆಲ್ಲ ಮೊದಲು ಕರಡು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಹಳೆಯ ವ್ಯವಸ್ಥೆ ಅದರ ಪಾಡಿಗೆ ನಡೆಯುತ್ತಿರುತ್ತದೆ. "ಸರಿ, ಜಾರಿ ಮಾಡು" ಎಂದ ಮೇಲೆಯೇ ಕರಡು ಕಾನೂನಾಗುವುದು.

ಇನ್ನೂ ಒಂದು ಅನುಕೂಲ ಉಂಟು. "ಹತ್ತು ನಿಮಿಷಕ್ಕೆ ಮಾತ್ರ ಜಾರಿ ಮಾಡು" ಎಂದೂ ಹೇಳಬಹುದು. ಪೆಟ್ಟಿಗೆ ಹೊಸ ಕಾನೂನು ನಡೆಸುತ್ತಾ ಕಾಯುತ್ತದೆ. ಹೇಳಿದವರು ಹತ್ತು ನಿಮಿಷದೊಳಗೆ ಅದೇ ದಾರಿಯಲ್ಲಿ ಮರಳಿ ಬಂದು "ಖಾಯಂ ಮಾಡು" ಎನ್ನಬೇಕು. ಬರಲಿಲ್ಲವೋ, ಪಾಪ ಹೇಳಿದವರೇ ಹೊರಗೆ ಸಿಕ್ಕಿಬಿದ್ದಿದ್ದಾರೆ ಎಂದುಕೊಂಡು, ಹೊಸದನ್ನು ಎತ್ತಿ ಬಿಸಾಡಿ ಹಳೆಯದಕ್ಕೆ ಮರಳುತ್ತದೆ. ಹನ್ನೊಂದು ವರ್ಷದಲ್ಲಿ ಇಂದ್ರಾಣಿ ಈ ಹತ್ತು ನಿಮಿಷ ಇಡದೆ ಒಂದೇ ಒಂದು ಬದಲಾವಣೆ ಮಾಡಿದವಳಲ್ಲ.

ಒಂದು ಸೋಮವಾರ ಅವಳ ಮೇಲಧಿಕಾರಿ ಚಂದ್ರಮೌಳಿಯವರು ಹಾಳೆಯೊಂದನ್ನು ಹಿಡಿದು ಬಂದರು. ಯಾರೋ ಹೊರಗಿನವರು ಒಂದು ಮಾರುಕಟ್ಟೆಯ ಪೆಟ್ಟಿಗೆಯೊಳಗೆ ನುಗ್ಗಲು ನೋಡುತ್ತಿದ್ದಾರೆ. ಇನ್ನು ಮುಂದೆ ಹರಾಜಿನ ಸರ್ವರ್ ಮತ್ತು ನಮ್ಮ ಕಚೇರಿ, ಇವೆರಡನ್ನು ಬಿಟ್ಟು ಇನ್ಯಾರನ್ನೂ ಒಳಗೆ ಬಿಡಕೂಡದು. ಕೆಳಗೆ ಸಹಿ, ಮೊಹರು. ಹರಾಜು ಮುಗಿದ ಮೇಲೆ ಮಧ್ಯಾಹ್ನ ಮಾಡುತ್ತೇನೆ ಎಂದಳು ಇಂದ್ರಾಣಿ. ಅವರು ಒಪ್ಪಲಿಲ್ಲ. ಹನ್ನೊಂದಕ್ಕೆ ನಿರ್ದೇಶಕರ ಜೊತೆ ವಿಡಿಯೋ ಮೀಟಿಂಗು. ಅಲ್ಲಿ ಅವರು "ಆಗಿದೆ" ಎನ್ನಬೇಕು. ಹರಾಜು ಶುರುವಾಗುವುದೂ ಹನ್ನೊಂದಕ್ಕೇ. ಆಗಲೇ ಹತ್ತೂ ಇಪ್ಪತ್ತಾಗಿತ್ತು.

"ಆಯ್ತು ಸಾರ್, ಈಗಲೇ ಮಾಡ್ತೀನಿ," ಎಂದಳು. "ಹತ್ತು ನಿಮಿಷ ಇಟ್ಟು ಮಾಡ್ತೀನಿ."

ಅದೇನು ಹತ್ತು ನಿಮಿಷ ಎಂದು ಅವರು ಕೇಳಿದರು. ಅವಳು ವಿವರಿಸಿದಳು. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಗಿಯಾಯಿತು. ತಾವು ಸಹಿ ಹಾಕಿದ ಆದೇಶವನ್ನು ಒಂದು ತಗಡಿನ ಡಬ್ಬಿ ಹತ್ತು ನಿಮಿಷ ಪರೀಕ್ಷೆಗೆ ಇಟ್ಟುಕೊಂಡು, ಸರಿಬರದಿದ್ದರೆ ಬಿಸಾಡುತ್ತದೆ ಎಂಬ ಮಾತು ಅವರಿಗೆ ನುಂಗಲಾಗಲಿಲ್ಲ.

"ಏನಮ್ಮಾ, ನನ್ನ ಮಾತಿಗೆ ಹತ್ತು ನಿಮಿಷದ ಆಯಸ್ಸಾ? ನಾನು ಸಹಿ ಹಾಕಿದ್ದು ನಾಟಕಕ್ಕಾ? ನೇರವಾಗಿ ಜಾರಿ ಮಾಡಿ."

"ನೇರವಾಗಿ ಮಾಡಲ್ಲ ಸಾರ್."

ಇಂದ್ರಾಣಿ ಗುತ್ತಿಗೆಯವಳು. ಅವಳನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದ ಅವರ ಮೇಜಿನ ಮೇಲೇ ಸಹಿಗೆ ಕಾಯುತ್ತಿತ್ತು. ಅದನ್ನು ಅವರು ನೆನಪಿಸಿದರು. ಈ ಕೆಲಸ ಬಲ್ಲವರು ಬೀದಿಗೆ ಹತ್ತು ಜನ ಸಿಗುತ್ತಾರೆ ಎಂದೂ ಸೇರಿಸಿದರು. ಅವಳ ಮಗಳು ಆಗಷ್ಟೇ ನರ್ಸಿಂಗ್ ಸೇರಿದ್ದಳು, ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ. ಆದರೂ ಇಂದ್ರಾಣಿ ಕೀಲಿಮಣೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಆ ಹತ್ತು ಜನರಲ್ಲಿ ಒಬ್ಬರನ್ನ ಕರೀರಿ ಸಾರ್. ಹನ್ನೊಂದರೊಳಗೆ ಬರ್ತಾರಾ ಕೇಳಿ."

ಯಾರೂ ಬರುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಏನಾದರೂ ಮಾಡಿಕೊಳ್ಳಿ, ಆ ಡಬ್ಬಿಗೇ ಊದುಬತ್ತಿ ಹಚ್ಚಿ ಎಂದು ಗೊಣಗಿ ಅವಳ ಬೆನ್ನ ಹಿಂದೆಯೇ ನಿಂತರು.

ಬೆನ್ನ ಹಿಂದೆ ಒಬ್ಬರು ಉಸಿರು ಬಿಡುತ್ತಾ ನಿಂತಿದ್ದರೆ ಕೈ ಹೇಗೆ ಓಡುತ್ತದೆ ಎಂದು ಹೆಂಗಸರಿಗೆ ಹೇಳಬೇಕಿಲ್ಲ. ಇಂದ್ರಾಣಿ ಅವಸರದಲ್ಲಿ ಕರಡು ಬರೆದಳು. ಹತ್ತೂವರೆಗೆ ಸರಿಯಾಗಿ, ಹತ್ತು ನಿಮಿಷಕ್ಕೆ ಎಂದು ಹೇಳಿ ಜಾರಿ ಮಾಡಿದಳು.

ಪೆಟ್ಟಿಗೆ ಮಾತು ನಿಲ್ಲಿಸಿತು. ಏನು ಒತ್ತಿದರೂ ಉತ್ತರವಿಲ್ಲ.

ಒಂದು ನಿಮಿಷಕ್ಕೆ ಫೋನು ಬಂತು. ಮಾರುಕಟ್ಟೆಯ ಗುಮಾಸ್ತೆ ನಾರಾಯಣಮ್ಮ.

"ಇಂದ್ರಾಣಮ್ಮಾ, ಇಲ್ಲಿ ಹರಾಜಿಗೆ ಹೆಸ್ರು ಬರ್ಕೊಳ್ಳೋದೆಲ್ಲಾ ನಿಂತೋಗೈತೆ. ಗೂಡು ಸುರ್ಕೊಂಡು ಮುನ್ನೂರು ಜನ ಕುಂತವ್ರೆ. ಈ ಡಬ್ಬಿ ಕರೆಂಟ್ ಕಿತ್ತು ಹಾಕ್ಲಾ?"

ಗೂಡು ಕಾಯುವ ಸರಕಲ್ಲ. ಒಳಗೆ ಹುಳು ಜೀವಂತ ಇರುತ್ತದೆ. ದಿನ ಹೋದಂತೆ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಇತ್ತ ಪೆಟ್ಟಿಗೆಯ ಎದುರು ಕೂತು ಸರಿಪಡಿಸಬಲ್ಲವರು ಕಚೇರಿಯಿಂದ ಅಲ್ಲಿಗೆ ಮುಟ್ಟಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ಆ ದಿನದ ಹರಾಜೇ ಮುಗಿದ ಹಾಗೆ.

ಕಿತ್ತು ಹಾಕಲು ಹೇಳಿ ಎಂದು ಚಂದ್ರಮೌಳಿ ಫೋನಿಗೆ ಕೈ ಚಾಚಿದರು. ಇಂದ್ರಾಣಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಯಾರೂ ಮುಟ್ಟಬೇಡಿ ನಾರಾಯಣಮ್ಮ. ಕರೆಂಟ್ ಕಿತ್ರೆ ಅದರ ಹತ್ತು ನಿಮಿಷದ ಲೆಕ್ಕ ತಪ್ಪಬಹುದು. ಹತ್ತು ನಲವತ್ತಕ್ಕೆ ಅದೇ ಏಳುತ್ತೆ."

ಏಳದಿದ್ದರೆ ಎಂದು ಚಂದ್ರಮೌಳಿ ಕೇಳಿದರು. ಏಳದಿದ್ದರೆ ನಿಮ್ಮ ಮೇಜಿನ ಮೇಲಿನ ಕಾಗದ ಹರಿದು ಹಾಕಿ ಎಂದಳು. ಹೇಳಿದ್ದು ಧೈರ್ಯವಾಗಿಯೇ. ಆದರೆ ಸುಮ್ಮನೆ ಕೂರಲಾಗದೆ ತಾನು ಬರೆದ ಕರಡನ್ನು ಮೇಲಿನಿಂದ ಓದಿದಳು. ಮೊದಲ ಸಾಲಿನಲ್ಲೇ ತಪ್ಪು ಸಿಕ್ಕಿತು.

ಪೆಟ್ಟಿಗೆ ಕಾವಲುಗಾರನಂತೆ. ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಯಾವ ಸಾಲು ಮೊದಲು ಹೊಂದುತ್ತದೋ ಅದರಂತೆ ನಡೆದು ಅಲ್ಲಿಗೇ ನಿಲ್ಲುತ್ತದೆ. ಚಂದ್ರಮೌಳಿಯವರ ಹಾಳೆಯಲ್ಲಿ ಕ್ರಮ ಸರಿಯಾಗಿತ್ತು: ಸರ್ವರನ್ನು ಬಿಡು, ಕಚೇರಿಯನ್ನು ಬಿಡು, ಉಳಿದ ಯಾರನ್ನೂ ಬಿಡಬೇಡ. ಇಂದ್ರಾಣಿ "ಯಾರನ್ನೂ ಬಿಡಬೇಡ" ಎಂಬುದನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದಳು. ಕಾವಲುಗಾರ ಅದೊಂದನ್ನು ಓದಿ ಬಾಗಿಲು ಜಡಿದು ಕೂತಿದ್ದ. ಕೆಳಗಿನ ಸಾಲುಗಳವರೆಗೆ ಅವನು ಬರಲೇ ಇಲ್ಲ.

ಹತ್ತು ನಲವತ್ತಾಯಿತು. ಇಂದ್ರಾಣಿಯ ಪರದೆಯಲ್ಲಿ ಅಕ್ಷರಗಳು ಮೂಡಿದವು. ಫೋನಿನ ಆ ಕಡೆ ದೊಡ್ಡ ಗದ್ದಲ, ಅದರ ನಡುವೆ ನಾರಾಯಣಮ್ಮ, ಬಂತು ಬಂತು ಎನ್ನುತ್ತಿದ್ದರು. ಪೆಟ್ಟಿಗೆ ಹೊಸ ಕಾನೂನನ್ನು ಬಿಸಾಡಿ ಹಳೆಯದಕ್ಕೆ ಮರಳಿತ್ತು. ಇಂದ್ರಾಣಿ ಸಾಲುಗಳನ್ನು ಸರಿಯಾದ ಕ್ರಮಕ್ಕೆ ತಂದಳು. ಮತ್ತೆ ಹತ್ತು ನಿಮಿಷ ಇಟ್ಟೇ ಜಾರಿ ಮಾಡಿದಳು. ಈ ಸಲ ಯಾವುದೂ ನಿಲ್ಲಲಿಲ್ಲ. ಅಲ್ಲಿ ಎಲ್ಲ ಸರಿಯಾಗಿ ಕಾಣುತ್ತಿದೆಯೇ ಎಂದು ನಾರಾಯಣಮ್ಮನನ್ನು ಕೇಳಿ ತಿಳಿದುಕೊಂಡ ಮೇಲೆಯೇ "ಖಾಯಂ ಮಾಡು" ಎಂದಳು. ಹನ್ನೊಂದಕ್ಕೆ ಹರಾಜು ಶುರುವಾಯಿತು.

ಮುಚ್ಚಿಡಬಹುದಿತ್ತು. ಚಂದ್ರಮೌಳಿಯವರಿಗೆ ಆ ಸಾಲುಗಳನ್ನು ಓದಲು ಬರುತ್ತಿರಲಿಲ್ಲ. ಆದರೆ ಅವಳೇ ತಿರುಗಿ, ತಪ್ಪು ನನ್ನದು ಎಂದು ಇದ್ದದ್ದು ಇದ್ದಂತೆ ಹೇಳಿದಳು. ಅವರ ಮುಖ ಅರಳಿತು.

"ಹಾಗಾದ್ರೆ ನನ್ನ ಆದೇಶ ಸರಿಯಾಗೇ ಇತ್ತು. ನನ್ನನ್ನೇ ಅನುಮಾನಿಸಿದ್ರಲ್ಲಮ್ಮಾ."

"ಆದೇಶ ಸರಿಯಾಗೇ ಇತ್ತು ಸಾರ್. ಹತ್ತು ನಿಮಿಷ ಇಟ್ಟದ್ದು ನಿಮ್ಮ ಮೇಲಿನ ಅನುಮಾನಕ್ಕಲ್ಲ, ನನ್ನ ಮೇಲಿನ ಅನುಮಾನಕ್ಕೆ. ನೀವು ಹೇಳಿದ ಹಾಗೆ ನೇರ ಮಾಡಿದ್ರೆ ನನ್ನ ತಪ್ಪು ಖಾಯಂ ಆಗ್ತಿತ್ತು. ಮೇಲೆ ನಿಮ್ಮ ಸಹಿ ಇರ್ತಿತ್ತು."

ಮೀಟಿಂಗಿನಲ್ಲಿ ನಿರ್ದೇಶಕರು ಚಂದ್ರಮೌಳಿಯವರನ್ನು ಹೊಗಳಿದರಂತೆ. ಹೊಗಳಿಸಿಕೊಂಡು ಬಂದರೂ ಅವರ ಸಿಟ್ಟು ಇಳಿದಿರಲಿಲ್ಲ. ಮಧ್ಯಾಹ್ನ ಅವಳನ್ನು ಕರೆಸಿದರು. ಇನ್ನು ಮುಂದೆ ಹೇಳಿದ್ದನ್ನು ಹೇಳಿದ ಹಾಗೆ, ನೇರವಾಗಿ ಮಾಡುತ್ತೇನೆ ಎಂದು ಬರೆದುಕೊಟ್ಟರೆ ಒಂದು ವರ್ಷದ ಕಾಗದಕ್ಕೆ ಸಹಿ ಹಾಕುವುದಾಗಿ ಹೇಳಿ ಬಿಳಿ ಹಾಳೆ ಮುಂದಿಟ್ಟರು.

ಇಂದ್ರಾಣಿ ಕೂತು ಬರೆದಳು: "ನಾನು ಇನ್ನೂ ತಪ್ಪು ಮಾಡುತ್ತೇನೆ. ಯಾವ ದಿನ ಎಂದು ಈಗ ಹೇಳಲಾರೆ. ಆದ್ದರಿಂದ ಹತ್ತು ನಿಮಿಷವನ್ನು ಬಿಡಲಾರೆ." ಕೆಳಗೆ ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಳು.

ಅವರು ಎರಡು ಸಲ ಓದಿದರು. ಕಳಿಸಿಬಿಡೋಣವೆಂದರೆ ಬೀದಿಯ ಆ ಹತ್ತು ಜನರಲ್ಲಿ ಒಬ್ಬರ ಹೆಸರೂ ನೆನಪಿಗೆ ಬರಲಿಲ್ಲ. ಕೊನೆಗೆ ಕಾಗದದಲ್ಲಿ "ಒಂದು ವರ್ಷ" ಎಂದಿದ್ದನ್ನು ಹೊಡೆದು "ಮೂರು ತಿಂಗಳು" ಎಂದು ಬರೆದು ಸಹಿ ಹಾಕಿದರು.

"ಮೂರು ತಿಂಗಳು ನೋಡ್ತೀನಿ. ಸರಿ ಅನ್ನಿಸಿದ್ರೆ ನಾನೇ ಕರೆದು ಮುಂದುವರಿಸ್ತೀನಿ. ಕರೀಲಿಲ್ಲ ಅಂದ್ರೆ ತಾನಾಗೇ ರದ್ದು, ತಿಳೀತಾ?"

"ಚೆನ್ನಾಗಿ ತಿಳೀತು ಸಾರ್," ಎಂದು ಇಂದ್ರಾಣಿ ಕಾಗದ ಮಡಿಸಿದಳು. "ನಾನು ಡಬ್ಬಿಗೆ ಹೇಳೋದೂ ಅಕ್ಷರಶಃ ಇದನ್ನೇ."

ನೀತಿ: ತನ್ನ ಕೈಯೂ ತಪ್ಪಬಹುದು ಎಂದು ಮೊದಲೇ ಒಪ್ಪಿಕೊಂಡವರ ಕೆಲಸವೇ ಗಟ್ಟಿ. ಹಿಂದಿರುಗುವ ದಾರಿ ಇಟ್ಟುಕೊಂಡು ಮುಂದೆ ಹೋಗುವುದು ಹೇಡಿತನವಲ್ಲ, ಅವಿಧೇಯತೆಯೂ ಅಲ್ಲ. ಆ ದಾರಿ ಮುಚ್ಚು ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ಮುಚ್ಚಬೇಡಿ.