ಹದಿನಾಲ್ಕನೆಯ ತಿರುವು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ದಾಟಿಬಂದ ಅಪಾಯವನ್ನು ನೆನೆದು ನಗುವುದು ತಪ್ಪೇ?"

"ಯಾಕೆ ಕೇಳುತ್ತೀ?" ಎಂದರು ಗುರುಗಳು.

"ನಿನ್ನೆ ಹಳೆಯ ಗೆಳೆಯರೆಲ್ಲ ಸೇರಿದ್ದೆವು. ಪ್ರಾಯದಲ್ಲಿ ನಾವೆಲ್ಲ ಬೈಕಿನ ಹುಚ್ಚು ಹಿಡಿಸಿಕೊಂಡಿದ್ದವರು. ಯಾರು ಎಷ್ಟು ಜೋರಾಗಿ ಓಡಿಸುತ್ತಿದ್ದೆವು, ಯಾರು ಎಲ್ಲಿ ಸಾಯುವುದರಿಂದ ಪಾರಾದೆವು ಎಂದು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನೂ ನನ್ನದೊಂದು ಹೇಳಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಮನೆಗೆ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಹೆಸರು ಹಾಲಪ್ಪ. ಮದುವೆಯ ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ನಾಟಕದ ಗೋಡೆಚೀಟಿ ಅಚ್ಚು ಹಾಕಿ ಜೀವನ ಮಾಡುತ್ತಿದ್ದ. ಪ್ರಾಯದಲ್ಲಿ ಅವನ ಬಳಿ ಎರಡು ಸೈಲೆನ್ಸರಿನ ಹಳೆಯ ಜಾವಾ ಬೈಕು ಇತ್ತು. ಆ ಊರಿನಲ್ಲಿ ಅವನಷ್ಟು ಜೋರಾಗಿ ಓಡಿಸುವವನು ಇನ್ನೊಬ್ಬನಿರಲಿಲ್ಲ.

ಊರಿನ ಪಕ್ಕದಲ್ಲಿ ಒಂದು ಕಣಿವೆ. ಮೇಲಿನಿಂದ ಕೆಳಗೆ ಹತ್ತು ಕಿಲೋಮೀಟರ್ ರಸ್ತೆ, ಇಪ್ಪತ್ತೆರಡು ತಿರುವು. ಬಸ್ಸು ಇಳಿಯಲು ಅರ್ಧ ಗಂಟೆ ಬೇಕು. ಒಂದು ದಿನ ಹಾಲಪ್ಪ ಗೆಳೆಯರೊಂದಿಗೆ ಪಂತ ಕಟ್ಟಿ, ಒಂಬತ್ತೇ ನಿಮಿಷದಲ್ಲಿ ಇಳಿದು ಬಂದ. ಕೆಳಗೆ ಗಡಿಯಾರ ಹಿಡಿದು ನಿಂತಿದ್ದ ಆರು ಮಂದಿ ಗೆಳೆಯರು ಅವನನ್ನು ಎತ್ತಿ ಕುಣಿಸಿದರು. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಆ ವರ್ಷವೇ ಅವನು ಗಾಡಿಯನ್ನು ಅಚ್ಚುಮನೆಯ ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿತಾಟು ಹೊದಿಸಿಬಿಟ್ಟ. ಯಾಕೆಂದು ಕೇಳಿದವರಿಗೆ, ಮದುವೆ ಗೊತ್ತಾಗಿದೆ, ಇನ್ನು ಇವೆಲ್ಲ ಸಾಕು ಎಂದ. ಜನ ನಂಬಿದರು.

ಬೈಕು ನಿಂತರೂ ಕತೆ ನಿಲ್ಲಲಿಲ್ಲ. ಯುಗಾದಿ ಕಳೆದ ಮೊದಲ ಭಾನುವಾರ ಆ ಆರು ಮಂದಿ ಅಚ್ಚುಮನೆಯ ಅಂಗಳದಲ್ಲಿ ಸೇರುವುದು ರೂಢಿಯಾಯಿತು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಪ್ರತಿ ವರ್ಷವೂ ಹಾಲಪ್ಪನಿಂದ ಕಣಿವೆ ಇಳಿದ ಕತೆ ಹೇಳಿಸುತ್ತಿದ್ದರು. ಅವನು ಒಂದೊಂದು ತಿರುವನ್ನೂ ಕೈಯಲ್ಲಿ ತೋರಿಸಿ ಹೇಳುತ್ತಿದ್ದ. ಹದಿನಾಲ್ಕನೆಯ ತಿರುವಿಗೆ ಬಂದಾಗ ಮಾತ್ರ, "ಅಲ್ಲಿ ಗಾಡಿ ಸ್ವಲ್ಪ ಬಲಕ್ಕೆ ಎಳೀತು, ಸರಿಮಾಡಿಕೊಂಡೆ" ಎಂದು ಹದಿನೈದಕ್ಕೆ ಹೋಗಿಬಿಡುತ್ತಿದ್ದ. ಕೇಳುವವರಿಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಹೀಗೆ ಮೂವತ್ತೊಂದು ವರ್ಷ ನಡೆಯಿತು.

ಹಾಲಪ್ಪನಿಗೆ ಒಬ್ಬಳೇ ಮಗಳು, ರಂಜಿತಾ. ಅವಳು ಈ ಕತೆಯನ್ನು ಕೇಳುತ್ತಲೇ ಬೆಳೆದವಳು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವಳು ಗೋಣಿತಾಟು ತೆಗೆದು, ಬೈಕನ್ನು ಮೆಕ್ಯಾನಿಕ್ಕಿನ ಬಳಿ ತಳ್ಳಿಸಿಕೊಂಡು ಹೋದಳು. ಆರು ತಿಂಗಳ ಕಾಲ, ರಜೆ ಸಿಕ್ಕಿದಾಗಲೆಲ್ಲ ಅವನ ಜೊತೆ ಕೂತು ಬಿಚ್ಚಿಸಿ, ತೊಳೆಸಿ, ಜೋಡಿಸಿದಳು. ಗಾಡಿ ಓಡಿತು. ಅವಳು ಓಡಿಸುವುದನ್ನೂ ಕಲಿತಳು, ಚೆನ್ನಾಗಿಯೇ ಕಲಿತಳು. ಅಪ್ಪನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಆ ವರ್ಷ ಗೆಳೆಯರು ಸೇರಿದಾಗ ಅವಳು ಬೈಕನ್ನು ಅಂಗಳದ ನಡುವೆ ತಂದು ನಿಲ್ಲಿಸಿದಳು. ಎಲ್ಲರೂ ಎದ್ದು ಬಂದು ಅದರ ಟ್ಯಾಂಕು ಸವರಿದರು. ಒಬ್ಬನ ಕಣ್ಣಲ್ಲಿ ನೀರು ಬಂತು. ಆಗ ರಂಜಿತಾ ಅಂದಳು:

"ಮುಂದಿನ ಭಾನುವಾರ ಬೆಳಿಗ್ಗೆ ನಾನು ಕಣಿವೆ ಇಳಿಯುತ್ತೇನೆ. ಅಪ್ಪನದು ಒಂಬತ್ತು ನಿಮಿಷ ತಾನೇ? ನಾನು ಎಂಟೂವರೆಗೆ ಬರುತ್ತೇನೆ. ನೀವೆಲ್ಲ ಗಡಿಯಾರ ಹಿಡಿದು ಕೆಳಗೆ ನಿಂತಿರಬೇಕು."

ಗೆಳೆಯರು ಚಪ್ಪಾಳೆ ತಟ್ಟಿದರು. ಹಾಲಪ್ಪನೂ ಎರಡು ಸಲ ತಟ್ಟಿದ. ಆಮೇಲೆ ಅವನ ಕೈ ಏಳಲಿಲ್ಲ.

ಆ ವಾರವೆಲ್ಲ ಅವನು ಮಗಳನ್ನು ತಡೆಯಲು ನೋಡಿದ. ರಸ್ತೆ ಈಗ ಮೊದಲಿನಂತಿಲ್ಲ ಎಂದ. ಲಾರಿಗಳು ಹೆಚ್ಚಾಗಿವೆ ಎಂದ. ಗಾಡಿಗೆ ವಯಸ್ಸಾಗಿದೆ ಎಂದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಭಾನುವಾರ ಬೆಳಿಗ್ಗೆ ಅವಳು ಶೂ ಕಟ್ಟಿಕೊಳ್ಳುತ್ತಿದ್ದಾಗ ಅವನು ಬಾಗಿಲಿಗೆ ಅಡ್ಡ ನಿಂತ.

"ಹೋಗಬೇಡ" ಎಂದ.

"ಅಪ್ಪಾ, ನೀವು ಇಳಿದಿದ್ದೀರಿ. ಮೂವತ್ತು ವರ್ಷದಿಂದ ನಗ್ತಾ ನಗ್ತಾ ಹೇಳ್ತಿದ್ದೀರಿ. ನಿಮಗೇನಾಯ್ತು?"

"ನನಗೆ ಏನೂ ಆಗಲಿಲ್ಲ ಕಣಮ್ಮಾ" ಎಂದ ಹಾಲಪ್ಪ. ಅವನ ದನಿ ಇಳಿಯಿತು. "ಆಗಿದ್ದು ಇನ್ನೊಬ್ಬನಿಗೆ."

ರಂಜಿತಾ ಶೂ ಕಟ್ಟುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಹಾಲಪ್ಪ ಹೊಸಿಲ ಮೇಲೆ ಕೂತು, ಯಾರಿಗೂ ಹೇಳದಿದ್ದುದನ್ನು ಹೇಳಿದ.

ಹದಿನಾಲ್ಕನೆಯ ತಿರುವಿನಲ್ಲಿ ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಎದುರಿನಿಂದ ಬರುವವರು ಕಾಣುವುದಿಲ್ಲ. ಆ ದಿನ ಅವನ ವೇಗಕ್ಕೆ ಗಾಡಿ ರಸ್ತೆಯ ಬಲ ಅಂಚಿಗೆ ಹೋಯಿತು. ಅಲ್ಲಿ ಒಬ್ಬ ಚಾಪೆ ಮಾರುವವನು ಸೈಕಲ್ಲು ತಳ್ಳಿಕೊಂಡು ಏರಿಬರುತ್ತಿದ್ದ. ಸೈಕಲ್ಲಿನ ಹಿಂದೆ ಈಚಲು ಚಾಪೆಯ ಸುರುಳಿಗಳು ಅಡ್ಡಕ್ಕೆ ಚಾಚಿಕೊಂಡಿದ್ದವು. ಹಾಲಪ್ಪನ ಹ್ಯಾಂಡಲ್ಲು ಅವಕ್ಕೆ ತಾಗಿತು. ಹೇಗೋ ಅವನು ಬೀಳಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಸೈಕಲ್ಲಿನ ಚಕ್ರ ಮೇಲಾಗಿ ತಿರುಗುತ್ತಿತ್ತು, ಚಾಪೆಗಳು ಪ್ರಪಾತಕ್ಕೆ ಉರುಳುತ್ತಿದ್ದವು. ಮನುಷ್ಯ ಕಾಣಲಿಲ್ಲ.

"ನಿಲ್ಲಿಸಲಿಲ್ವಾ?" ಎಂದಳು ರಂಜಿತಾ.

"ಕೆಳಗೆ ಗಡಿಯಾರ ಹಿಡಿದು ನಿಂತಿದ್ದರು. ಮೊದಲು ಅದಕ್ಕೆ ನಿಲ್ಲಿಸಲಿಲ್ಲ. ಆಮೇಲೆ ಹೆದರಿಕೆಗೆ ತಿರುಗಿ ಹೋಗಲಿಲ್ಲ. ತಿಂಗಳುಗಟ್ಟಲೆ ಪೇಪರ್ ನೋಡಿದೆ. ಏನೂ ಬರಲಿಲ್ಲ."

"ಅವನು ಬದುಕಿದ್ದಾನಾ?"

"ಗೊತ್ತಿಲ್ಲ."

ಅವಳು ಬಗ್ಗಿ ಶೂವಿನ ದಾರವನ್ನು ಬಿಗಿದು ಕಟ್ಟಿದಳು. ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಅವನು ಅಷ್ಟು ಸಣ್ಣಗೆ ಕೂತಿದ್ದುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಕೊನೆಗೆ ಎದ್ದು, ಗೆಳೆಯರಿಗೆ ಫೋನು ಮಾಡಿ ಬರಬೇಡಿರೆಂದು ಹೇಳಿ, ಬೈಕು ಚಾಲೂ ಮಾಡಿದಳು.

"ಹತ್ತಿ ಅಪ್ಪಾ. ಹೋಗಿ ಕೇಳೋಣ."

ಹಾಲಪ್ಪ ಆ ಬೈಕಿನ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮಗಳು ನಿಧಾನವಾಗಿ ಕಣಿವೆ ಏರಿದಳು. ಹದಿನಾಲ್ಕನೆಯ ತಿರುವಿನಿಂದ ಅರ್ಧ ಕಿಲೋಮೀಟರ್ ಕೆಳಗೆ ಒಂದು ಕಾಲುದಾರಿ ಒಳಕ್ಕೆ ಹೋಗುತ್ತಿತ್ತು. ಅದರ ಕೊನೆಗೆ ಹತ್ತು ಹನ್ನೆರಡು ಮನೆಗಳ ಹಟ್ಟಿ. ಹೊಂಗೆಯ ನೆರಳಲ್ಲಿ ಒಬ್ಬ ಮುದುಕಿ ಚಾಪೆ ಹೆಣೆಯುತ್ತಿದ್ದಳು. ಹಾಲಪ್ಪ ಎರಡು ಹೆಜ್ಜೆ ಹಿಂದೆಯೇ ನಿಂತ. ರಂಜಿತಾಳೇ ಕೇಳಿದಳು: ಬಹಳ ವರ್ಷದ ಹಿಂದೆ, ಮೇಲಿನ ತಿರುವಿನಲ್ಲಿ, ಸೈಕಲ್ಲಿನಲ್ಲಿ ಚಾಪೆ ಒಯ್ಯುತ್ತಿದ್ದವರು ಯಾರಾದರೂ ಬಿದ್ದದ್ದುಂಟೇ?

ಮುದುಕಿ ಕೈ ನಿಲ್ಲಿಸದೆ ಅಂದಳು: "ನಮ್ಮ ಪಾಲಯ್ಯ. ಅಗೋ, ಆ ಜಗಲಿ ಮೇಲೆ ಕಡಲೆಕಾಯಿ ಬಿಡಿಸ್ತಾ ಕೂತವ್ನೆ, ನೋಡವ್ವಾ."

ಹಾಲಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೂವತ್ತೊಂದು ವರ್ಷದಿಂದ ಎದೆಯೊಳಗೆ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು. ಮಗಳು ಅವನ ಹೆಗಲು ಹಿಡಿದು ಎಬ್ಬಿಸಿ, ಜಗಲಿಯವರೆಗೆ ನಡೆಸಿದಳು.

ಪಾಲಯ್ಯನಿಗೆ ಎಪ್ಪತ್ತು ದಾಟಿತ್ತು. ಹಾಲಪ್ಪ ಕೈ ಮುಗಿದು, ತಡವರಿಸುತ್ತಾ, ಆ ದಿನ ಗಾಡಿ ಓಡಿಸಿದವನು ನಾನೇ ಎಂದ. ಪಾಲಯ್ಯ ಕಡಲೆಕಾಯಿಯ ಮೊರ ಪಕ್ಕಕ್ಕಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಬದುಕಿದ್ದೀರಾ ಸ್ವಾಮಿ!" ಎಂದ.

ಹಾಲಪ್ಪನಿಗೆ ಅರ್ಥವಾಗಲಿಲ್ಲ. ಪಾಲಯ್ಯ ಹೇಳಿದ: "ನಾನು ಬಿದ್ದಿದ್ದು ಪೊದೆ ಮೇಲೆ. ಹೆಗಲ ಮೂಳೆ ಮುರೀತು, ಮೂರು ತಿಂಗಳು ಕೈ ಎತ್ತೋಕಾಗಲಿಲ್ಲ. ಲಾರಿಯವರು ಬಂದು ಎಳೆದು ಹಾಕಿದರು. ನನ್ನದಿರಲಿ, ಮೊದಲು ಆ ಗಾಡಿಯವನನ್ನ ನೋಡ್ರಪ್ಪಾ ಅಂತ ಅವರನ್ನ ಅಟ್ಟಿದೆ. ಪಾಪ, ಕತ್ತಲಾಗೋ ತನಕ ಕೆಳಗಿನ ತಿರುವೆಲ್ಲಾ ಇಳಿದು ಹುಡುಕಿದರು. ಸಿಗಲಿಲ್ಲ. ಪ್ರಪಾತಕ್ಕೆ ಹೋದ ಅಂದುಕೊಂಡೆ."

"ಯಾಕೆ ಹಾಗೆ ಅಂದುಕೊಂಡಿರಿ?" ಎಂದ ಹಾಲಪ್ಪ.

"ಬದುಕಿದ್ದರೆ ತಿರುಗಿ ಬರ್ತಿದ್ದನಲ್ಲ ಸ್ವಾಮಿ."

ಪಾಲಯ್ಯ ಅದನ್ನು ಚುಚ್ಚಲೆಂದು ಹೇಳಲಿಲ್ಲ. ಹಾಗೇ ನಂಬಿದ್ದ, ಹಾಗೇ ಹೇಳಿದ. ಹಾಲಪ್ಪ ಜಗಲಿಯ ಕಂಬ ಹಿಡಿದುಕೊಂಡು ಅತ್ತ. ಪಾಲಯ್ಯ ಅವನ ಬೆನ್ನ ಮೇಲೆ ಕೈಯಿಟ್ಟು, "ಹೋಗಲಿ ಬಿಡಿ ಅತ್ಲಾಗೆ. ಇಬ್ಬರೂ ಇದ್ದೀವಲ್ಲ. ಎಷ್ಟೋ ಸಲ ಆ ತಿರುವಿನಾಗೆ ಹೋಗುವಾಗ, ಯಾರ ಮನೆ ಮಗನೋ ಅಂತ ಹೊಟ್ಟೆ ಉರೀತಿತ್ತು. ಈಗ ಹಗುರಾಯ್ತು" ಎಂದ. ಮನೆಯೊಳಗಿಂದ ಮಜ್ಜಿಗೆ ತರಿಸಿ ಕುಡಿಸಿದ.

ನಾನು ನಿಮಗೆ ಏನು ಮಾಡಲಿ ಎಂದು ಹಾಲಪ್ಪ ಕೇಳಿದ. ಪಾಲಯ್ಯ ಅಂಗಳದಲ್ಲಿ ನಿಂತಿದ್ದ ಬೈಕನ್ನು ನೋಡಿದ.

"ಇದೇ ಗಾಡಿಯಾ?"

"ಇದೇ."

"ಹತ್ತಿರದಿಂದ ನೋಡಿರಲಿಲ್ಲ. ಅಷ್ಟು ಜೋರಾಗಿ ಹೋಯ್ತು" ಎಂದು ನಕ್ಕ ಪಾಲಯ್ಯ. "ಒಂದು ಸಲ ಮೇಲಿನ ತನಕ ಕೂರಿಸಿಕೊಂಡು ಹೋಗಿ ಬರ್ತೀಯಾ ತಾಯಿ? ಮೆಲ್ಲಗೆ."

ರಂಜಿತಾ ಅವನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಹಾಲಪ್ಪ ನಡೆದುಕೊಂಡು ರಸ್ತೆಗೆ ಬಂದು, ಹದಿನಾಲ್ಕನೆಯ ತಿರುವಿನವರೆಗೆ ಏರಿ, ಪ್ರಪಾತದ ಕಡೆಯ ಅಂಚಿನಲ್ಲಿ ಕಾಯುತ್ತಾ ನಿಂತ. ಚಾಪೆಯವನು ನಡೆದು ಬರುತ್ತಿದ್ದ ಜಾಗ ಅದು. ಕಾಲ ಬಳಿ ಮಣ್ಣು ಸಡಿಲವಾಗಿತ್ತು. ಎದುರಿಗೆ ಬಂಡೆ. ಅದರಾಚೆ ಏನಿದೆ, ಯಾರು ಬರುತ್ತಿದ್ದಾರೆ, ಒಂದೂ ಕಾಣುತ್ತಿರಲಿಲ್ಲ.

ಇಪ್ಪತ್ತು ನಿಮಿಷವಾಯಿತು. ಮುಕ್ಕಾಲು ಗಂಟೆಯಾಯಿತು. ಮಗಳಿಗೆ ಏನಾಯಿತೋ, ಮುದುಕನಿಗೆ ಏನಾಯಿತೋ ಎಂದು ಅವನು ಮತ್ತೆ ಮತ್ತೆ ಮೇಲಿನ ರಸ್ತೆಗೆ ಕಿವಿಗೊಟ್ಟ. ಆಗ ಮೇಲಿನಿಂದ ಬೈಕಿನ ಶಬ್ದ ಕೇಳಿಸಿತು. ಆ ಶಬ್ದವನ್ನು ಅವನು ಸಾವಿರ ಸಲ ಕೇಳಿದ್ದ. ಆದರೆ ಯಾವಾಗಲೂ ಗಾಡಿಯ ಮೇಲೆ ಕೂತು ಕೇಳಿದ್ದ. ರಸ್ತೆಯ ಮೇಲೆ ನಿಂತು, ತನ್ನ ಕಡೆಗೇ ಬರುವುದನ್ನು ಕೇಳಿದ್ದು ಇದೇ ಮೊದಲು. ಬಂಡೆಗೆ ಬಡಿದು ಶಬ್ದ ಇಮ್ಮಡಿಯಾಯಿತು. ಎಷ್ಟು ದೂರವಿದೆ, ಎಷ್ಟು ವೇಗದಲ್ಲಿದೆ ತಿಳಿಯಲಿಲ್ಲ. ಅವನು ತನಗರಿವಿಲ್ಲದೆ ರಸ್ತೆ ಬಿಟ್ಟು ಪೊದೆಯೊಳಕ್ಕೆ ಇಳಿದು, ಒಂದು ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಬಂಡೆಯಾಚೆಯಿಂದ ಹಾರ್ನ್ ಕೇಳಿಸಿತು. ಒಮ್ಮೆ, ಮತ್ತೊಮ್ಮೆ. ಬೈಕು ಎಡಬದಿಗೆ ಅಂಟಿಕೊಂಡು, ಮನುಷ್ಯ ಜೋರಾಗಿ ನಡೆದರೆ ಹಿಂದೆ ಹಾಕಬಹುದು ಎನ್ನುವಷ್ಟು ನಿಧಾನವಾಗಿ ತಿರುವು ದಾಟಿ ಬಂತು. ರಂಜಿತಾಳ ಹಿಂದೆ ಪಾಲಯ್ಯ ಟವಲನ್ನು ತಲೆಗೆ ಸುತ್ತಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ.

"ಯಾಕ್ ಸ್ವಾಮಿ, ಪೊದೆಯೊಳಗೆ ಏನ್ ಮಾಡ್ತಿದ್ದೀರಾ?" ಎಂದು ಕೂಗಿದ.

ಹಾಲಪ್ಪ ಮೈಗೆ ಮೆತ್ತಿದ ಎಲೆ, ಮಣ್ಣು ಕೊಡವಿಕೊಂಡು ಮೇಲೆ ಬಂದ. ಮೂವರೂ ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು ನಕ್ಕರು. ಆ ನಗುವಿನಲ್ಲಿ ಹಾಲಪ್ಪನಿಗೆ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಆ ದಿನ ಪಾಲಯ್ಯನನ್ನು ಹಟ್ಟಿಯಲ್ಲಿ ಇಳಿಸಿ, ಮಗಳು ಅಪ್ಪನನ್ನು ಮನೆಗೆ ಕರೆತಂದಳು. ಕಣಿವೆಯ ಬುಡ ತಲುಪಲು ಎಷ್ಟು ಹೊತ್ತಾಯಿತು ಎಂದು ಇಬ್ಬರೂ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲೆ ಅವನು ಗೆಳೆಯರಿಗೆ ಆ ಕತೆ ಹೇಳುವುದನ್ನು ಬಿಟ್ಟನೇ?"

"ಬಿಡಲಿಲ್ಲ. ಮರುವರ್ಷ ಪಾಲಯ್ಯನನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. ಹದಿಮೂರನೆಯ ತಿರುವಿನವರೆಗೆ ಹಾಲಪ್ಪ ಹೇಳಿದ. ಹದಿನಾಲ್ಕನೆಯದನ್ನು ಪಾಲಯ್ಯ ಹೇಳಿದ. ಗೆಳೆಯರು ಮೊದಲು ತಲೆ ತಗ್ಗಿಸಿದರು. ಒಬ್ಬ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು, ನನ್ನದೂ ಒಂದಿದೆ ಎಂದು ಶುರುಮಾಡಿದ."

ಶಿಷ್ಯನ ಮುಖ ತಿಳಿಯಾಯಿತು. "ಹಾಗಾದರೆ ನೆನೆದು ನಗುವುದು ತಪ್ಪಲ್ಲ" ಎಂದ.

ಗುರುಗಳು ಕೇಳಿದರು: "ನಿನ್ನೆ ನೀನು ಹೇಳಿದ ಕತೆಯಲ್ಲಿ ಎದುರಿಗೆ ಬಂದವರು ಯಾರು?"